ಶುಕ್ರವಾರದ ಮಾಂಸಕ್ಕೆ ಅತ್ತೆ ತೆತ್ತ ದಂಡ

ನಮ್ಮ ಅತ್ತೆ ಫಿಲೊಮೀನಾ ಡನ್ಲೀವಿಯವರ ಅಡುಗೆಮನೆಯಲ್ಲಿ ರುಚಿಗೆಂದು ಬಳಸುವ ಪದಾರ್ಥಗಳು ಎರಡು. ಒಂದು ಉಪ್ಪು, ಇನ್ನೊಂದು ನೀರು. ಕಾಳುಮೆಣಸಿನ ಡಬ್ಬಿಯೂ ಒಂದಿದೆ, ಆದರೆ ಅದು ಬಂದವರು ನೋಡಲಿ ಎಂದು ಇಟ್ಟದ್ದು. ಬೆಳ್ಳುಳ್ಳಿ ಆ ಮನೆಯ ಹೊಸ್ತಿಲು ದಾಟಿದ್ದು ಒಂದೇ ಸಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ನನ್ನ ಕೈಚೀಲದಲ್ಲಿ ಬಂದಿತ್ತು. ಅವತ್ತೇ ಅದೇ ಕೈಚೀಲದಲ್ಲಿ ವಾಪಸ್ ಹೋಯಿತು.

ನಾನು ಇಟಲಿಯವರ ಮನೆಯ ಹುಡುಗಿ. ಹೆಸರು ಅಸುಂತಾ. ಈ ಹೆಸರು ಹೇಳಿದರೆ ನಾಲಿಗೆ ಉಳುಕುತ್ತದೆ ಎಂದು ಅತ್ತೆ ಮೊದಲ ದಿನವೇ ನನಗೆ ಸೂಸಿ ಎಂದು ಮರುನಾಮಕರಣ ಮಾಡಿದರು. ಬಾಸ್ಟನ್ನಿನ ನಮ್ಮ ಬೀದಿಯಲ್ಲಿ ಎಲ್ಲವೂ ಮೂರಂತಸ್ತಿನ ಮರದ ಮನೆಗಳೇ. ಕೆಳಗೆ ಅತ್ತೆ ಮಾವ, ನಡುವೆ ನಾನು ಮತ್ತು ನನ್ನ ಗಂಡ ಜೆರಾರ್ಡ್, ಮೇಲೆ ಬಾಡಿಗೆಯವರು. ಅತ್ತೆಗೆ ನನ್ನಿಂದ ಏನಾದರೂ ಆಗಬೇಕಿದ್ದರೆ ಪೊರಕೆಯ ಹಿಡಿಯಿಂದ ತಮ್ಮ ಅಡುಗೆಮನೆಯ ಸೂರನ್ನು ಕುಟ್ಟುತ್ತಾರೆ. ಅದು ನನ್ನ ಅಡುಗೆಮನೆಯ ನೆಲ. ನನ್ನ ಮನೆಗೆ ಮಾತ್ರ ಅವರು ಹತ್ತಿ ಬಂದವರಲ್ಲ. ಮಾರ್ಚ್ ಹತ್ತೊಂಬತ್ತರಂದು ನಮ್ಮ ಇಟಲಿಯವರ ಸಂತ ಜೋಸೆಫರ ಹಬ್ಬಕ್ಕೆ ನಾನು ಪ್ರತಿ ವರ್ಷ ಊಟಕ್ಕೆ ಕರೆಯುತ್ತೇನೆ. ಪ್ರತಿ ವರ್ಷವೂ ಅವರಿಗೆ ಮೊಣಕಾಲು ನೋವು. ಆ ಮೊಣಕಾಲು ಮೂರನೆಯ ಅಂತಸ್ತಿನ ಬಾಡಿಗೆಯವರು ದೇವರ ದಿನವಾದ ಭಾನುವಾರ ಬಟ್ಟೆ ಒಗೆಯುತ್ತಿದ್ದಾರೋ ಇಲ್ಲವೋ ನೋಡಿ ಬರಲು ನನ್ನ ಬಾಗಿಲ ಮುಂದೆಯೇ ಹಾದುಹೋಗುತ್ತದೆ. ಆಗ ನೋವು ಇರುವುದಿಲ್ಲ.

ಅತ್ತೆ ಶಾಲೆಯ ಮುಂದಿನ ರಸ್ತೆಯಲ್ಲಿ ಮಕ್ಕಳನ್ನು ದಾಟಿಸುವ ಕೆಲಸದಲ್ಲಿದ್ದರು. ಬಿಳಿ ಕೈಗವಸು, ಎದೆಗೆ ಅಡ್ಡಲಾಗಿ ಕಿತ್ತಳೆ ಪಟ್ಟಿ, ಕತ್ತಿನಲ್ಲಿ ಸೀಟಿ. ಅವರು ಅಂಗೈ ಎತ್ತಿದರೆ ಕಲ್ಲಿದ್ದಲಿನ ಲಾರಿಯೂ ನಿಲ್ಲುತ್ತಿತ್ತು. ಒಮ್ಮೆ ಹೆಣ ಸಾಗಿಸುವ ಗಾಡಿಯನ್ನೇ ತಡೆದು, “ಒಳಗಿರೋನಿಗೆ ಏನು ಅವಸರ? ಮಕ್ಕಳಿಗೆ ಗಂಟೆ ಹೊಡೆದಾಯ್ತು” ಅಂದರಂತೆ. ನಿವೃತ್ತಿಯ ದಿನ ಸೀಟಿ, ಪಟ್ಟಿ, ಕೈಗವಸು ಎಲ್ಲ ಒಪ್ಪಿಸಿ ಬಂದರು. ಅಂಗೈ ಮಾತ್ರ ಮನೆಗೆ ತಂದರು. ಯಾರ ಮಾತು ಹಿಡಿಸದಿದ್ದರೂ ಅದು ಮೇಲೇಳುತ್ತದೆ. ನನ್ನ ಗಂಡನಿಗೆ ನಲವತ್ತು ತುಂಬಿದೆ, ಇವತ್ತಿಗೂ ಅಮ್ಮನ ಅಂಗೈ ಕಂಡರೆ ನಡೆಯುತ್ತಿದ್ದವನು ಒಂದು ಕಾಲು ಎತ್ತಿಕೊಂಡೇ ನಿಲ್ಲುತ್ತಾನೆ. ಮಾತು ನಿಲ್ಲಿಸುವುದರಲ್ಲಿ ನಮ್ಮ ಅತ್ತೆ ಎರಡೂ ಅರ್ಥದಲ್ಲಿ ಎತ್ತಿದ ಕೈ.

ಅವರ ವರ್ಷವೆಲ್ಲ ಒಂದು ದಿನದ ಸುತ್ತ ತಿರುಗುತ್ತದೆ. ಮಾರ್ಚ್ ಹದಿನೇಳು, ಐರಿಷ್ ಜನರ ಸಂತ ಪ್ಯಾಟ್ರಿಕ್ಕರ ಹಬ್ಬ. ಅವತ್ತು ಮನೆತುಂಬ ಜನ, ಮೇಜಿನ ತುಂಬ ಕಾರ್ನ್ಡ್ ಬೀಫ್, ಎಲೆಕೋಸು, ಆಲೂಗಡ್ಡೆ. ಉಪ್ಪುನೀರಿನಲ್ಲಿ ದಿನಗಟ್ಟಲೆ ನೆನೆದ ದನದ ಎದೆಮಾಂಸ ಅದು. ಬರೀ ಉಪ್ಪಿನಲ್ಲಿ ನೆನೆದರೆ ಬೇಯುವಾಗ ಬೂದು ಬಣ್ಣಕ್ಕೆ ಬರುತ್ತದೆ. ಬಣ್ಣ ಉಳಿಯಲಿ ಎಂದು ಮತ್ತೇನೋ ಪುಡಿ ಬೆರೆಸಿದರೆ ಕೆಂಪಾಗಿರುತ್ತದೆ. ನನ್ನಂಥ ಹೊರಗಿನವಳಿಗೆ ಎರಡೂ ಅಷ್ಟಕ್ಕಷ್ಟೇ. ಅತ್ತೆಯ ಪ್ರಕಾರ ಬೂದು ತಿನ್ನುವವರು ಮನುಷ್ಯರು, ಕೆಂಪು ತಿನ್ನುವವರು ನ್ಯೂಯಾರ್ಕಿನವರು.

ಈ ಬಣ್ಣದ ವಿಷಯಕ್ಕೇ ಅವರು ತಮ್ಮ ಒಬ್ಬಳೇ ತಂಗಿ ವಿನಿಫ್ರೆಡ್ ಜೊತೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಹಾಗೆಂದು ಊರೆಲ್ಲ ತಿಳಿದಿತ್ತು. ನಡೆದದ್ದು ಇಷ್ಟು. ಅವರ ತಾಯಿ ಹನೋರಾ ಕೊನೆಗಾಲದಲ್ಲಿ ಹಾಸಿಗೆ ಹಿಡಿದು ಮಲಗಿದ್ದು ಅತ್ತೆಯ ಮನೆಯಲ್ಲಿ. ಉಣ್ಣಿಸಿದ್ದು, ತೊಳೆದದ್ದು, ರಾತ್ರಿ ಎದ್ದು ಹೊದಿಸಿದ್ದು ಎಲ್ಲ ಅತ್ತೆ. ವಿನಿ ಮದುವೆಯಾಗಿ ರಾಜ್ಯದ ಗಡಿಯ ಆಚೆ ಇದ್ದಳು. ಭಾನುವಾರ ಬರುವಳು, ಐಸ್‌ಕ್ರೀಮ್ ತರುವಳು, ತಾಯಿಯ ಕೂದಲು ಬಾಚಿ ಹೋಗುವಳು. ತಾಯಿ ತೀರಿಕೊಂಡಾಗ ಮಣ್ಣು ಮುಗಿಸಿ ಬಂದವರಿಗೆ ಊಟ ಹಾಕಿದ್ದು ವಿನಿ, ಬಡಿಸಿದ್ದು ಕೆಂಪು ಮಾಂಸ. ಅತ್ತೆ ಮುಖ ಸಿಂಡರಿಸಿದ್ದು ಕಂಡು ವಿನಿ ಎಲ್ಲರೆದುರಿಗೆ ಅಂದಳು: “ಅಮ್ಮಂಗೆ ಕೆಂಪೇ ಇಷ್ಟ ಇತ್ತು ಫಿಲ್. ನಿನ್ನ ಭಯಕ್ಕೆ ಬೂದು ನುಂಗ್ತಿದ್ಲು, ಅಷ್ಟೇ.”

ಅತ್ತೆ ಫೋರ್ಕು ಕೆಳಗಿಟ್ಟು, ಕೋಟು ಹಾಕಿಕೊಂಡು, ಚಳಿಯಲ್ಲಿ ನಡೆದುಕೊಂಡೇ ಹೊರಟುಬಿಟ್ಟರು. ನಾವು ಕಾರಿನಲ್ಲಿ ಹಿಂದೆ ಹೋಗಿ ಹತ್ತಿಸಿಕೊಂಡೆವು. ನಾನು ಅತ್ತೆಯನ್ನು ಬೇಕಾದಷ್ಟು ಆಡಿಕೊಳ್ಳುತ್ತೇನೆ, ಅದು ನನ್ನ ಹಕ್ಕು. ಆದರೆ ಅವತ್ತು ಕಾರಿನ ಕನ್ನಡಿಯಲ್ಲಿ ಅವರ ಮುಖ ಕಂಡು ಆಡಿಕೊಳ್ಳುವ ಮನಸ್ಸಾಗಲಿಲ್ಲ. ತಾಯಿಯನ್ನು ಅಷ್ಟು ವರ್ಷ ನೋಡಿಕೊಂಡವಳಿಗೆ, ನಿನ್ನಿಂದ ಅವಳಿಗೆ ಸುಖವಿರಲಿಲ್ಲ ಎಂದು ಹೇಳಿದಂತಾಗಿತ್ತು. ಜಗಳ ಬಣ್ಣದ್ದಲ್ಲ. ಆದರೆ ನನ್ನ ಗಂಡನ ಮನೆಯ ಐರಿಷ್ ಮಂದಿಗೆ ಹಾಗೆ ಹೇಳಲು ಬರುವುದಿಲ್ಲ. ಮನಸ್ಸು ನೊಂದಿದೆ ಎನ್ನುವ ಬದಲು ಮಾಂಸ ಕೆಂಪಗಿದೆ ಎನ್ನುತ್ತಾರೆ.

ನಾನು ಹೇಳಹೊರಟ ವರ್ಷ ಹಬ್ಬ ಶುಕ್ರವಾರ ಬಂತು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಶುಕ್ರವಾರ ಮಾಂಸ ಮುಟ್ಟುವಂತಿಲ್ಲ, ಮೀನಿಗೆ ಅಡ್ಡಿಯಿಲ್ಲ. ತಾವು ಸತ್ತ ದಿನವೇ ಹಬ್ಬವಾಗುತ್ತದೆ ಎಂದು ಸಂತ ಪ್ಯಾಟ್ರಿಕ್ಕರು ಸಾಯುವ ಮೊದಲು ಯೋಚಿಸಲಿಲ್ಲ. ಇಂಥ ವರ್ಷ ಬಿಷಪ್ಪರು ದೊಡ್ಡ ಮನಸ್ಸು ಮಾಡಿ ಒಂದು ದಿನದ ಮಟ್ಟಿಗೆ ಅನುಮತಿ ಕೊಡುವುದು ರೂಢಿ. ಹಿಂದಿನ ಭಾನುವಾರ ನಮ್ಮ ಚರ್ಚಿನ ಫಾದರ್ ಕಿಲ್ಡಫ್ ಬಲಿಪೂಜೆಯ ಕೊನೆಗೆ ಬಿಷಪ್ಪರ ಪತ್ರ ಓದಿದರು. ಶುಕ್ರವಾರ ಮಾಂಸ ತಿನ್ನಬಹುದು, ಅದರ ಬದಲಿಗೆ ಪ್ರತಿಯೊಬ್ಬರೂ ತಮಗೆ ತಕ್ಕ ಬೇರೊಂದು ಪ್ರಾಯಶ್ಚಿತ್ತ ಮಾಡಬೇಕು. ಮೊದಲರ್ಧ ಕೇಳುತ್ತಲೇ ಇಡೀ ಚರ್ಚು ನಿಟ್ಟುಸಿರು ಬಿಟ್ಟು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿತು. ಎರಡನೆಯ ಅರ್ಧವನ್ನು ಕೇಳಿಸಿಕೊಂಡವರು ನಮ್ಮ ಅತ್ತೆ ಒಬ್ಬರೇ.

ಬಾಗಿಲಲ್ಲೇ ಫಾದರನ್ನು ತಡೆದರು.

“ಫಾದರ್, ತಕ್ಕ ಪ್ರಾಯಶ್ಚಿತ್ತ ಅಂದ್ರೆ ಎಷ್ಟು?”

“ಏನಾದ್ರೂ ಸಣ್ಣದು ಸಾಕು ಫಿಲ್. ಶನಿವಾರ ಒಂದಿನ ಸಿಹಿ ಬಿಡಿ.”

“ಸಿಹೀನ ತಪಸ್ಸುಕಾಲ ಶುರುವಾದ ಬೂದಿ ಬುಧವಾರದಿಂದಲೇ ಬಿಟ್ಟಿದ್ದೀನಿ.”

“ಹಂಗಾದ್ರೆ ಒಂದು ಜಪಸರ ಜಾಸ್ತಿ ಹೇಳಿ.”

“ಅದು ದಿನಾ ಹೇಳೋದೇ. ದೊಡ್ಡ ಪಾತ್ರೆ ತುಂಬ ಮಾಂಸ ಫಾದರ್, ಮನೆತುಂಬ ಜನ. ಇಷ್ಟಕ್ಕೆಲ್ಲ ಒಂದೇ ಒಂದು ಜಪಸರ ಅಂದ್ರೆ ಮೇಲಿರೋರು ಒಪ್ತಾರಾ?”

ಗಾಳಿ ಕೊರೆಯುತ್ತಿತ್ತು. ಫಾದರಿಗೆ ಬೆಳಗಿನ ತಿಂಡಿ ಆಗಿರಲಿಲ್ಲ. ಹಸಿದ ಪಾದ್ರಿಯ ಬಳಿ ಧರ್ಮಸೂಕ್ಷ್ಮ ಕೇಳಬಾರದು ಎಂಬುದು ಅತ್ತೆಗೆ ತಿಳಿಯದು. “ನಿಮಗೆ ಯಾವುದು ಬೇಡವೇ ಬೇಡ ಅನ್ಸುತ್ತೋ ಅದನ್ನ ಮಾಡಿ ತಾಯಿ!” ಎಂದು ಫಾದರ್ ಕೈಮುಗಿದಂತೆ ಮಾಡಿ ಒಳಗೆ ಹೋದರು. ಬೇರೆ ಯಾರಾದರೂ ಆಗಿದ್ದರೆ ಅದು ಸಾಗಹಾಕುವ ಮಾತು ಎಂದು ತಿಳಿಯುತ್ತಿತ್ತು. ಅತ್ತೆ ಅದನ್ನು ಆಜ್ಞೆ ಎಂದುಕೊಂಡರು.

ಆ ಸಂಜೆ ನನ್ನ ನೆಲದಡಿ ಪೊರಕೆ ಕುಟ್ಟಿತು. ಕೆಳಗೆ ಹೋದೆ. ಅಡುಗೆಮನೆಯ ಮೇಜಿನ ಮುಂದೆ ಅತ್ತೆ ಚಹಾ ಇಟ್ಟುಕೊಂಡು ಕೂತಿದ್ದರು. ಮೂಲೆಯಲ್ಲಿ ಮಾವ ಕಾನ್ ಪತ್ರಿಕೆಯ ಹಿಂದೆ ಇದ್ದರು. ಮಾವನಿಗೆ ಕಿವಿ ಸ್ವಲ್ಪ ಮಂದ. ಎಷ್ಟು ಮಂದ ಎನ್ನುವುದು ಮಾತನಾಡುತ್ತಿರುವುದು ಯಾರು ಎಂಬುದರ ಮೇಲೆ.

“ಸೂಸಿ, ನಂಗೆ ಬೇಡವೇ ಬೇಡ ಅನ್ಸೋದು ಏನು ಹೇಳು.”

“ಚರ್ಚಿನ ಮೆಟ್ಟಿಲು ತೊಳೀರಿ, ಅತ್ತೆ.”

“ಅದು ನಂಗಿಷ್ಟ.”

“ಪಕ್ಕದ ಮನೆ ಮಿಸೆಸ್ ಹೆನಹನ್ ಹತ್ರ ಹೋಗಿ ಅವರ ಆಪರೇಷನ್ ಕಥೆ ಇನ್ನೊಂದ್ಸಲ ಕೇಳಿ.”

ಅತ್ತೆ ಸ್ವಲ್ಪ ಯೋಚಿಸಿದರು. “ಅದು ಕೇಳೋಕೆ ಒಂಥರಾ ಚೆನ್ನಾಗೇ ಇರುತ್ತೆ.”

“ಹಾಗಾದ್ರೆ ಕೋಸು ಬೇಯಿಸೋವಾಗ ನಾಲ್ಕೇ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ.”

“ಪ್ರಾಯಶ್ಚಿತ್ತ ಮಾಡ್ಬೇಕಾದೋಳು ನಾನು. ಬಂದೋರು ಏನು ಪಾಪ ಮಾಡಿದ್ರು?”

“ಸರಿ ಬಿಡಿ. ಭಾನುವಾರ ಮೇಲೆ ಬನ್ನಿ, ನಮ್ಮ ಜೋಸೆಫರ ಊಟಕ್ಕೆ.”

ಅತ್ತೆ ಕಪ್ಪು ಕೆಳಗಿಟ್ಟು ನನ್ನನ್ನು ಒಂದು ಗಳಿಗೆ ನೋಡಿದರು. “ಸೂಸಿ, ಬಿಷಪ್ಪರು ತಕ್ಕದ್ದು ಅಂದಿದ್ದಾರೆ. ಪ್ರಾಣ ಕೊಡು ಅಂದಿಲ್ಲ.”

ಪತ್ರಿಕೆಯ ಹಿಂದಿನಿಂದ ಮಾವನ ದನಿ ಬಂತು. “ವಿನಿ.”

ಅಂಗೈ ಮೇಲೆದ್ದಿತು. ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಅವತ್ತು ಮಾವ ಪತ್ರಿಕೆ ಮಡಚಿ ಮಂಡಿಯ ಮೇಲಿಟ್ಟುಕೊಂಡರು. “ಕೈ ಇಳಿಸು ಫಿಲ್, ನಾನು ಲಾರಿ ಅಲ್ಲ. ಬೇಡವೇ ಬೇಡ ಅನ್ನೋದು ಏನು ಅಂತ ಕೇಳಿದ್ದು ನೀನೇ. ವಿನೀನ ಊಟಕ್ಕೆ ಕರಿ.”

ಅತ್ತೆ ಎದ್ದು ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದರು. ನಾನು ಮೇಲೆ ಬಂದು ಜೆರಾರ್ಡ್‌ಗೆ ಹೇಳಿದೆ. “ಶುಕ್ರವಾರ ಚಾಕು ಚೂರಿ ಎಲ್ಲ ನೀನೇ ಎಣಿಸಿ ಇಡು” ಅಂದ.

ನನಗೆ ಅಷ್ಟು ತಮಾಷೆ ಎನಿಸಲಿಲ್ಲ. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಈ ಊಟದಲ್ಲೂ ಒಬ್ಬರು ಕೋಟು ಹಾಕಿಕೊಂಡು ಎದ್ದು ಹೊರಟರೆ ಮತ್ತೆ ಒಬ್ಬರ ಮುಖ ಇನ್ನೊಬ್ಬರು ನೋಡುವುದು ಶವಪೆಟ್ಟಿಗೆಯಲ್ಲಿಯೇ. ಕರೆಯದೆ ಇದ್ದರೆ ಹೇಗೋ ನಡೆದುಹೋಗುತ್ತಿತ್ತು. ಕರೆದು ಕೆಟ್ಟರೆ ಸರಿಯಾಗುವುದಿಲ್ಲ.

ಮಾರನೆಯ ದಿನ ನಾನು ಕೆಳಗೆ ಹೋದಾಗ ಅತ್ತೆ ಫೋನಿನ ಮುಂದೆ ನಿಂತಿದ್ದರು, ತಲೆ ಬಾಚಿ, ಚರ್ಚಿಗೆ ಹೋಗುವ ಪೋಷಾಕು ಹಾಕಿಕೊಂಡು. ನಂಬರು ಬರೆದಿಟ್ಟ ಪುಸ್ತಕವನ್ನು ತೆರೆಯಲಿಲ್ಲ. ಹನ್ನೊಂದು ವರ್ಷ ತಿರುಗಿಸದ ನಂಬರನ್ನು ಬೆರಳು ತಾನಾಗಿ ತಿರುಗಿಸಿತು.

“ನಾನು. ಶುಕ್ರವಾರ. ನಾಲ್ಕು ಗಂಟೆಗೆ. ಬೂದು.” ಫೋನು ಇಟ್ಟರು.

“ಏನಂದ್ರು?”

“ಹ್ಞೂಂ ಅಂದ್ಲು.”

“ಅಷ್ಟೇನಾ?”

“ಮಾತು ಬೆಳೆದ್ರೆ ಪ್ರಾಯಶ್ಚಿತ್ತ ಹಗುರ ಆಗ್ಬಿಡುತ್ತೆ” ಅಂದರು ಅತ್ತೆ, ಮತ್ತು ಪೋಷಾಕು ಬದಲಿಸಲು ಹೋದರು.

ಗುರುವಾರ ಅತ್ತೆ ಮಾಂಸದಂಗಡಿಯಿಂದ ಬೂದು ತುಂಡುಗಳನ್ನು ಹೊರಿಸಿಕೊಂಡು ಬಂದು ತಣ್ಣೀರಿನಲ್ಲಿ ಮುಳುಗಿಸಿಟ್ಟರು. ಬೂದು ಮಾಂಸದ ಉಪ್ಪು ಸುಲಭಕ್ಕೆ ಬಿಡುವುದಿಲ್ಲ. ನೀರು ಬದಲಿಸುತ್ತಲೇ ಇರಬೇಕು. ಆಮೇಲೆ ಕೋಟು ಹಾಕಿಕೊಂಡು ಮತ್ತೆ ಎಲ್ಲಿಗೋ ಹೋಗಿ, ಕಂಕುಳಲ್ಲಿ ಇನ್ನೊಂದು ಕಾಗದದ ಪೊಟ್ಟಣ ಅವುಚಿಕೊಂಡು ಬಂದರು. ವಾಸನೆಗೆ ಅದು ಮೀನು ಎಂದು ಗೊತ್ತಾಯಿತು. ಕೇಳಿದೆ. ಅಂಗೈ ಎದ್ದಿತು. ಬಿಷಪ್ಪರ ಮಾತಿನ ಮೇಲೂ ಪೂರ್ತಿ ನಂಬಿಕೆಯಿಲ್ಲದೆ ತಾವು ಮಾತ್ರ ಗುಟ್ಟಾಗಿ ಮೀನು ತಿನ್ನುವ ಉಪಾಯ ಮಾಡಿದ್ದಾರೆ ಎಂದುಕೊಂಡೆ. ಎಲ್ಲರನ್ನೂ ನರಕಕ್ಕೆ ಕಳಿಸಿ ತಾವೊಬ್ಬರೇ ಸ್ವರ್ಗದ ಬಾಗಿಲಲ್ಲಿ ನಿಂತು ಕೈ ಎತ್ತುವುದು ಅವರಿಗೆ ಒಪ್ಪುವಂಥ ಚಿತ್ರವೇ.

ಶುಕ್ರವಾರ ಬೆಳಿಗ್ಗೆಯೇ ಮಾಂಸ ಒಲೆಗೇರಿತು. ಸ್ವಲ್ಪ ಹೊತ್ತಿಗೆ ಕಿಟಕಿಯ ಗಾಜೆಲ್ಲ ಹಬೆಯಿಂದ ಮಂಜಾಯಿತು, ಗೋಡೆಯ ಮೇಲಿನ ಸಂತರ ಪಟಗಳೂ ಬೆವತವು. ಮಧ್ಯಾಹ್ನ ಕಳೆದ ಮೇಲೆ ಆ ನೀರಿಗೇ ಟರ್ನಿಪ್, ಆಮೇಲೆ ಕ್ಯಾರೆಟ್, ಆಮೇಲೆ ಆಲೂಗಡ್ಡೆ, ಕೊನೆಗೆ ಕೋಸು. ಕೋಸನ್ನು ನಾವು ಇಟಲಿಯವರು ಬಾಡಿಸುತ್ತೇವೆ. ಅತ್ತೆ ಅದು ತಾನು ಕೋಸು ಎಂಬುದನ್ನು ಮರೆಯುವ ತನಕ ಬೇಯಿಸುತ್ತಾರೆ. ನನ್ನ ಕೆಲಸ ಆಲೂಗಡ್ಡೆ ತೊಳೆಯುವುದು, ಸಾಸಿವೆಯ ಬಟ್ಟಲು ತುಂಬುವುದು, ಒಣದ್ರಾಕ್ಷಿ ಹಾಕಿದ ಸೋಡಾ ಬ್ರೆಡ್ಡಿನ ಮೇಲೆ ಚಾಕುವಿನಿಂದ ಶಿಲುಬೆ ಗೀರುವುದು, ಮತ್ತು “ಹಂಗಲ್ಲ” ಎಂದು ಬೈಸಿಕೊಳ್ಳುವುದು.

ಒಲೆಯ ಹಿಂದಿನ ಮೂಲೆಯಲ್ಲಿ ಎರಡು ಚಿಕ್ಕ ಪಾತ್ರೆಗಳಿದ್ದವು. ಒಂದು ಅಲ್ಲಲ್ಲಿ ಬಣ್ಣ ಹಾರಿದ ಹಳೆಯ ನೀಲಿ ಬೋಗುಣಿ, ಮೇಲೆ ತಟ್ಟೆ ಮುಚ್ಚಿತ್ತು. ನಾನು ತಟ್ಟೆ ಎತ್ತಲು ಹೋದೆ.

“ಮುಟ್ಬೇಡ.”

“ಏನಿದೆ ಅತ್ತೆ?”

“ನಿನ್ನ ಕೆಲಸ ಅಲ್ಲದ್ದು ಇದೆ.”

ನಾಲ್ಕಕ್ಕೆ ಸರಿಯಾಗಿ ಕರೆಗಂಟೆ ಆಯಿತು. ನೆಂಟರು, ಬೀದಿಯವರು, ಫಾದರ್ ಕಿಲ್ಡಫ್ ಎಲ್ಲ ಆಗಲೇ ಬಂದು ಕೂತಿದ್ದರು. ಫಾದರ್ ಆ ಬೀದಿಯ ಯಾವ ಊಟವನ್ನೂ ತಪ್ಪಿಸಿದವರಲ್ಲ. ಬಾಗಿಲು ತೆರೆಯಲು ಯಾರೂ ಏಳಲಿಲ್ಲ. ಅತ್ತೆಯೇ ಹೋದರು. ಹೊಸ್ತಿಲಲ್ಲಿ ವಿನಿ, ಹಸಿರು ಕೋಟು, ತುಟಿಗೆ ಬಣ್ಣ, ಎದೆಗೆ ಒತ್ತಿಹಿಡಿದ ಕೈಚೀಲ.

“ಸಣ್ಣಗಾಗಿದ್ದೀಯ” ಅಂದರು ಅತ್ತೆ.

“ನೀನಾಗಿಲ್ಲ” ಅಂದಳು ವಿನಿ.

ಹನ್ನೊಂದು ವರ್ಷದ ನಂತರದ ಸಂಭಾಷಣೆ ಅಲ್ಲಿಗೆ ಮುಗಿದು, ಇಬ್ಬರೂ ಒಳಗೆ ಬಂದರು. ವಿನಿಯನ್ನು ಫಾದರ್ ಪಕ್ಕ ಕೂರಿಸಿದೆವು. ದೇವರ ಪಕ್ಕ ಕೂರಿಸುವುದಕ್ಕೆ ಸಾಧ್ಯವಿದ್ದರೆ ಅಲ್ಲೇ ಕೂರಿಸುತ್ತಿದ್ದೆ.

ಪ್ರಾರ್ಥನೆ ಆಯಿತು. ಮಾವ ಮಾಂಸ ಕುಯ್ದರು. ತಟ್ಟೆ ಕೈಯಿಂದ ಕೈಗೆ ಬಂದು ವಿನಿಯ ಮುಂದೆ ನಿಂತಿತು. ಅವಳು ಅದನ್ನು ನೋಡಿ, ಮುಟ್ಟದೆ, ಪಕ್ಕದವರಿಗೆ ದಾಟಿಸಿದಳು.

ಅತ್ತೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು.

“ಬಣ್ಣ ಹಿಡಿಸ್ಲಿಲ್ವಾ?” ಕೇಳಿದರು.

“ಬಣ್ಣದ ಮಾತಲ್ಲ. ನಮ್ಮ ಕಡೆ ಬಿಷಪ್ಪರು ಅನುಮತಿ ಕೊಟ್ಟಿಲ್ಲ. ಇವತ್ತು ಶುಕ್ರವಾರ” ಅಂದಳು ವಿನಿ. ಕೈಚೀಲ ತೆರೆದಳು. ಅದರಿಂದ ಟ್ಯೂನಾ ಮೀನಿನ ಒಂದು ಡಬ್ಬಿ ತೆಗೆದು ತಟ್ಟೆಯ ಪಕ್ಕ ಇಟ್ಟಳು. ಅದರ ಪಕ್ಕ ಡಬ್ಬಿ ತೆರೆಯುವ ಕೀಲಿ. ಇಬ್ಬರೂ ಒಂದೇ ತಾಯಿಯ ಮಕ್ಕಳು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಜೆರಾರ್ಡ್ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಫಾದರ್ ಗಂಟಲು ಸರಿಮಾಡಿಕೊಂಡರು. “ನೋಡಿ ವಿನಿಫ್ರೆಡ್, ಯಾವ ಬಿಷಪ್ಪರ ನೆಲದ ಮೇಲೆ ಕೂತಿದ್ದೀರೋ ಅವರ ಅನುಮತಿ ನಿಮಗೂ ನಡೆಯುತ್ತೆ. ನೀವು ಧಾರಾಳವಾಗಿ ತಿನ್ನಬಹುದು.”

“ನಾನು ಸತ್ತ ಮೇಲೆ ನನ್ನ ಕಡತ ನಮ್ಮ ಬಿಷಪ್ಪರ ಕಡೆಯಿಂದ ಹೋಗೋದು ಫಾದರ್.”

“ಕೋಸಾದ್ರೂ ಹಾಕ್ಕೊಳ್ಳಿ ಚಿಕ್ಕಮ್ಮ” ಅಂದೆ ನಾನು.

“ಮಾಂಸದ ನೀರಲ್ಲಿ ಬೆಂದಿದೆಯಲ್ಲಮ್ಮ” ಅಂದಳು, ಕೀಲಿಯನ್ನು ಡಬ್ಬಿಗೆ ಸಿಕ್ಕಿಸಿದಳು.

ಮುಗಿಯಿತು ಎಂದುಕೊಂಡೆ. ಬೆಳಗಿನಿಂದ ಒಲೆಯ ಮುಂದೆ ನಿಂತವರ ಮೇಜಿನಲ್ಲಿ, ಎಲ್ಲರ ಎದುರು, ಡಬ್ಬಿ ಮೀನು! ನಾನು ಅತ್ತೆಯ ಜಾಗದಲ್ಲಿದ್ದರೆ ಆ ಡಬ್ಬಿಯನ್ನು ಕಿಟಕಿಯಿಂದ ಆಚೆ ಎಸೆಯುತ್ತಿದ್ದೆ. ಕೋಟುಗಳು ಯಾವ ಕೋಣೆಯಲ್ಲಿವೆ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ.

ಅಂಗೈ ಮೇಲೆದ್ದಿತು. ಕೀಲಿ ಅರ್ಧ ಸುತ್ತಿನಲ್ಲೇ ನಿಂತಿತು. ಹನ್ನೊಂದು ವರ್ಷ ದೂರವಿದ್ದರೇನು, ವಿನಿಗೂ ಅದು ರಕ್ತದಲ್ಲಿತ್ತು.

ಅತ್ತೆ ಒಳಗೆ ಹೋದರು. ಬರುವಾಗ ಎರಡು ಕೈಯಲ್ಲಿ ಬಟ್ಟೆ ಹಿಡಿದು ಆ ನೀಲಿ ಬೋಗುಣಿ ತಂದು ವಿನಿಯ ಮುಂದೆ ಇಟ್ಟು ತಟ್ಟೆ ತೆಗೆದರು. ಹಾಲಿನಲ್ಲಿ ಈರುಳ್ಳಿ ಹಾಕಿ ಬೇಯಿಸಿದ ಹ್ಯಾಡಕ್ ಮೀನು. ಮತ್ತೆ ಹೋಗಿ ಇನ್ನೊಂದು ಚಿಕ್ಕ ಪಾತ್ರೆ ತಂದರು.

“ಕೋಸು, ಆಲೂಗಡ್ಡೆ. ಬರೀ ನೀರಲ್ಲಿ ಬೇಯಿಸಿದ್ದು. ಸೌಟೂ ಬೇರೆ. ತಿನ್ನು.”

ವಿನಿ ಬೋಗುಣಿಯನ್ನೇ ನೋಡುತ್ತಿದ್ದಳು. “ಅಮ್ಮಂದು” ಅಂದಳು.

“ಅಮ್ಮಂದೇ.”

“ನಮ್ಮ ಬಿಷಪ್ಪರ ವಿಷಯ ನಿಂಗೆ ಹೆಂಗೆ ಗೊತ್ತಾಯ್ತು?”

ಅತ್ತೆ ಆಲೂಗಡ್ಡೆಯ ಪಾತ್ರೆಯನ್ನು ಅವಳ ಹತ್ತಿರಕ್ಕೆ ಸರಿಸಿದರು. ಫಾದರ್ ಬಾಯಿಯಲ್ಲಿದ್ದುದನ್ನು ನುಂಗಿ ಹೇಳಿದರು: “ನನ್ನ ಕೈಲಿ ಫೋನ್ ಮಾಡ್ಸಿ ಕೇಳ್ಸಿದ್ರು. ಗಡಿ ಆಚೆ ಅನುಮತಿ ಇದ್ಯಾ ಇಲ್ವಾ ಅಂತ. ಎರಡು ಸಲ ಮಾಡ್ಸಿದ್ರು. ಮೊದಲನೇ ಸಲ ಹೇಳಿದೋರ ದನಿ ನಂಬಿಕೆ ಬರೋ ಹಂಗಿರ್ಲಿಲ್ಲವಂತೆ.”

ತಂಗಿ ಬದುಕಿದ್ದಾಳೋ ಇಲ್ಲವೋ ತನಗೇನು ಗೊತ್ತು ಎಂದು ಅಷ್ಟು ವರ್ಷ ಹೇಳಿಕೊಂಡು ಬಂದವರು ಇವರೇ. ಆ ತಂಗಿ ಯಾವ ಬಿಷಪ್ಪರ ಕೆಳಗಿದ್ದಾಳೆ, ಶುಕ್ರವಾರ ಅವಳು ಏನು ತಿನ್ನಬಹುದು, ಏನು ತಿನ್ನಲಾರಳು, ಎಲ್ಲ ವಿಚಾರಿಸಿ ಇಟ್ಟುಕೊಂಡಿದ್ದರು.

ವಿನಿ ಒಂದು ಚಮಚ ಬಾಯಿಗಿಟ್ಟಳು. ನಿಧಾನವಾಗಿ ನುಂಗಿದಳು.

“ಉಪ್ಪು ಕಡಿಮೆ.”

“ಅಮ್ಮ ಮಾಡಿದ್ದೂ ಕಡಿಮೆನೇ ಇರ್ತಿತ್ತು.”

“ಹ್ಞೂಂ. ಸರಿಯಾಗಿ ಇಷ್ಟೇ ಕಡಿಮೆ.”

ಅತ್ತೆ ಸೌಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ದನಿ ಅಷ್ಟು ಸಣ್ಣದಾಗಿದ್ದು ನಾನು ಕೇಳಿರಲಿಲ್ಲ. “ವಿನಿ, ಅಮ್ಮ ನಿಜವಾಗ್ಲೂ ಕೆಂಪು ಇಷ್ಟ ಅಂದಿದ್ಲಾ?”

ಎಲ್ಲರೂ ತಮ್ಮ ತಮ್ಮ ತಟ್ಟೆಯಲ್ಲಿ ಏನೋ ಹುಡುಕತೊಡಗಿದರು.

“ಅಂದಿದ್ಲು. ನಾನು ತಂದುಕೊಟ್ಟಾಗ ನನ್ನೆದುರಿಗೆ ಅಂದಿದ್ಲು” ಅಂದಳು ವಿನಿ. “ನಿನ್ನೆದುರಿಗೆ ಬೂದು ಇಷ್ಟ ಅಂತಿದ್ಲು.”

“ನನ್ನೆದುರಿಗೆ ಎರಡೂ ಬೂಟಿನ ತೊಗಲು ಅಂತಿದ್ರು” ಅಂದರು ಮಾವ. ಅವತ್ತು ಅವರ ಕಿವಿ ಬಹಳ ಚುರುಕಾಗಿತ್ತು.

ವಿನಿ ನಗಲು ಹೋದಳು. ನಗು ಅರ್ಧದಲ್ಲೇ ಅಳುವಾಯಿತು. “ಅವಳಿಗೆ ಎರಡೂ ಇಷ್ಟ ಇರ್ಲಿಲ್ಲ ಫಿಲ್. ಅವಳಿಗೆ ಇಷ್ಟ ಇದ್ದಿದ್ದು ಶುಕ್ರವಾರ. ಈ ಮೀನು.” ಕೈವಸ್ತ್ರದಿಂದ ಮೂಗು ಒರೆಸಿಕೊಂಡಳು. “ಅವತ್ತು ನಾನು ಹಂಗೆ ಅನ್ಬಾರದಿತ್ತು. ಅವಳನ್ನ ನೋಡ್ಕೊಂಡಿದ್ದೆಲ್ಲ ನೀನು. ಅವಳು ಕೊನೆಗೆ ಕೈ ಹಿಡ್ಕೊಂಡಿದ್ದೂ ನಿಂದೇ. ನನ್ನ ಪಾಲಿಗೆ ಏನೂ ಉಳಿದಿರ್ಲಿಲ್ಲ. ಒಂದು ಬಣ್ಣ ಆದ್ರೂ ನಂದು ಅಂತ ಇರ್ಲಿ ಅನ್ಸ್ತು.”

ಅತ್ತೆ ಸೌಟು ಮೇಜಿನ ಮೇಲಿಟ್ಟರು. ಫಾದರನ್ನು ಮೊಣಕೈಯಿಂದ ಸ್ವಲ್ಪ ಆಚೆ ತಳ್ಳಿ, ಒಂದು ಕುರ್ಚಿ ಎಳೆದುಕೊಂಡು ತಂಗಿಯ ಪಕ್ಕ ಕೂತರು. ಒಂದು ಫೋರ್ಕು ತೆಗೆದುಕೊಂಡು ಅವಳ ಬೋಗುಣಿಯಿಂದಲೇ ತಿನ್ನಲು ಶುರುಮಾಡಿದರು. ಬಿಷಪ್ಪರ ಅನುಮತಿ, ಪತ್ರ, ಪ್ರಾಯಶ್ಚಿತ್ತ, ಬೆಳಗಿನಿಂದ ಬೆಂದ ಆ ಬೆಟ್ಟದಷ್ಟು ಮಾಂಸ ಎಲ್ಲ ಒಂದು ಕಡೆ ಉಳಿಯಿತು. ಅತ್ತೆಯ ಪಾಲಿನ ಮಾಂಸವನ್ನು, ಹಾಳಾಗಬಾರದಲ್ಲ ಎಂದು, ಫಾದರ್ ಕಿಲ್ಡಫ್ ಮುಗಿಸಿದರು. ನನ್ನ ಕಣ್ಣಲ್ಲಿ ನೀರು ಬಂತು. ಕೇಳಿದವರಿಗೆ ಸಾಸಿವೆ ಖಾರ ಎಂದೆ.

ವಿನಿ ಹೋಗುವಾಗ ಟ್ಯೂನಾ ಡಬ್ಬಿಯನ್ನು ಅತ್ತೆ ಅವಳ ಕೈಚೀಲಕ್ಕೆ ವಾಪಸ್ ಹಾಕಿ, ಜೊತೆಗೆ ಬೂದು ಮಾಂಸದ ಒಂದು ದೊಡ್ಡ ಪೊಟ್ಟಣ ತುರುಕಿದರು. “ನಾಳೆ ಶನಿವಾರ. ನಾಳೆ ತಿನ್ನೋಕೆ ನಿಮ್ಮ ಬಿಷಪ್ಪರ ಅಡ್ಡಿಯಿಲ್ಲ” ಎಂದರು.

ಮರುದಿನ ಬೆಳಿಗ್ಗೆ ನನ್ನ ನೆಲದಡಿ ಪೊರಕೆ ಕುಟ್ಟಿತು. ಕೆಳಗೆ ಹೋದೆ. ಅತ್ತೆ ನೀಲಿ ಬೋಗುಣಿಯನ್ನು ಉಜ್ಜಿ ಒರೆಸಿ, ಒಳಗೆ ಎತ್ತಿಡದೆ, ಒಲೆಯ ಮೇಲೆಯೇ ಇಟ್ಟಿದ್ದರು.

“ಸೂಸಿ, ನಾಳೆ ನಿಮ್ಮ ಊಟ ಎಷ್ಟೊತ್ತಿಗೆ?”

“ಯಾವ ಊಟ?”

“ಅದೇ, ಆ ಜೋಸೆಫರದ್ದು.”

ನಾನು ಕುರ್ಚಿ ಹಿಡಿದುಕೊಂಡೆ. “ಒಂದು ಗಂಟೆಗೆ. ಯಾಕತ್ತೆ?”

“ಬರ್ತೀನಿ. ಬೆಳ್ಳುಳ್ಳಿ ಇರುತ್ತಾ?”

“ಎಲ್ಲದ್ರಲ್ಲೂ ಇರುತ್ತೆ.”

ಅತ್ತೆ ಕಣ್ಣು ಮುಚ್ಚಿ ಉಸಿರು ಬಿಟ್ಟರು. “ಇರ್ಲಿ. ತಿಂತೀನಿ. ಪ್ರಾಯಶ್ಚಿತ್ತ ಬಾಕಿ ಇದೆ.”

“ಬಾಕಿ ಏನು ಬಂತು ಅತ್ತೆ? ನೀವು ಮಾಂಸವನ್ನೇ ಮುಟ್ಟಲಿಲ್ವಲ್ಲ!”

“ಬೇಯಿಸೋವಾಗ ಉಪ್ಪು ನೋಡೋಕೆ ಒಂದು ಚೂರು ಬಾಯಿಗೆ ಹಾಕ್ಕೊಂಡಿದ್ದೆ.”

“ಅದಕ್ಕೂ ಆಯ್ತಲ್ಲ, ಚಿಕ್ಕಮ್ಮನ್ನ ಕರೆದ್ರಲ್ಲ? ಬೇಡವೇ ಬೇಡ ಅನ್ನೋದನ್ನ ಮಾಡಿ ಅಂದ್ರು ಫಾದರ್, ಮಾಡಿದ್ರಿ.”

ಅತ್ತೆ ಬೋಗುಣಿಯನ್ನು ಕೈಗೆತ್ತಿಕೊಂಡು, ಒರೆಸಿದ್ದನ್ನೇ ಮತ್ತೆ ಏಪ್ರನ್ನಿನ ತುದಿಯಿಂದ ಒರೆಸಿದರು. ನನ್ನ ಕಡೆ ತಿರುಗಲಿಲ್ಲ.

“ಅದು ಲೆಕ್ಕಕ್ಕೆ ಬರಲ್ಲ ಕಣೇ” ಅಂದರು. “ಅವಳು ಬಂದಿದ್ದು ನಂಗೆ ಖುಷಿ ಆಗ್ಬಿಡ್ತು.”